ಸೀಸದ ಮೇಲೆ ಹಲ್ಲಿನ ಗುರುತು

ಜಗಲಿಯ ಮೇಲೆ ಹಳೆಯ ಮೀನುಬಲೆ ಹರಡಿಕೊಂಡು ಅಜ್ಜಿ ಕಾಲು ಚಾಚಿ ಕುಳಿತಿದ್ದಳು. ಬಲೆ ನೀರಿಗಿಳಿಯಲೆಂದು ಅಂಚಿನ ಹಗ್ಗಕ್ಕೆ ಸೀಸದ ಗುಂಡು ಕೂರಿಸುವುದು ಆ ಮನೆಯ ಕಸುಬು. ಸೀಳು ಬಿಟ್ಟ ಗುಂಡನ್ನು ಹಗ್ಗಕ್ಕೆ ಸಿಕ್ಕಿಸಿ ದವಡೆಯಲ್ಲಿ ಅದುಮಿದರೆ ಬಿಗಿಯಾಗುತ್ತದೆ. ಸೀಸ ಮೆತ್ತಗಿನ ಲೋಹ. ಹಲ್ಲಿನ ಗುರುತು ಹಾಗೇ ಉಳಿಯುತ್ತದೆ.

ಒಂದು ಗುಂಡನ್ನು ಅಜ್ಜಿ ಬೆರಳಿನಿಂದ ಸವರಿದಳು. ಒಂದು ತಗ್ಗು, ಪಕ್ಕದಲ್ಲಿ ಖಾಲಿ. ದವಡೆ ಹಲ್ಲು ಮುರಿದಿದ್ದ ಗಂಡನದು. ಇದೇ ಜಗಲಿಯಲ್ಲಿ ಇಬ್ಬರೂ ಪಂದ್ಯ ಕಟ್ಟಿ ಕಚ್ಚುತ್ತಿದ್ದರು. ಸೋತಾಗಲೆಲ್ಲ ಅವನು, "ನಿನ್ನ ಬಾಯಿ ದೊಡ್ಡದು ಅಂತ ಊರಿಗೇ ಗೊತ್ತು ಬಿಡು" ಎನ್ನುತ್ತಿದ್ದ. ಅವನು ಸಾಯುವ ಮುಂಚೆ ಮೂತ್ರಪಿಂಡ ಕೆಟ್ಟಾಗ ಡಾಕ್ಟರು ಸೀಸದ ಮೇಲೆ ಬೊಟ್ಟು ಮಾಡಿದ್ದರು. ಅಜ್ಜಿ ಒಪ್ಪಿರಲಿಲ್ಲ. ದಿನವೂ ಕೊತ್ತಂಬರಿ ಸೊಪ್ಪಿನ ರಸ ಕುಡಿಸುತ್ತಿದ್ದಳಲ್ಲ!

ಇಂದು ಓದು ಮುಗಿಸಿ ಬಂದು ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗಳು ತನ್ನ ಮೊದಲ ಗುಂಡು ಕಚ್ಚಬೇಕಿತ್ತು. ಕಚ್ಚದವರು ಈ ಮನೆಯವರಲ್ಲ ಎಂಬುದು ಹಿಂದಿನಿಂದ ಬಂದ ಮಾತು.

"ಅಮ್ಮಾ, ಅವಳ ಕೈಗೆ ಅದನ್ನ ಕೊಡಬೇಡ," ಎನ್ನುತ್ತ ಮಗಳು ಒಳಗಿನಿಂದ ಬಂದಳು. ಪ್ರಯೋಗಾಲಯದಲ್ಲಿ ಇಲಿಗಳನ್ನು ನೋಡಿಕೊಳ್ಳುವುದು ಅವಳ ಕೆಲಸ.

"ಕೊತ್ತಂಬರಿ ರಸ ಮೂತ್ರಪಿಂಡ ಕಾಯುತ್ತೆ ಅಂತ ನೀನೇ ಹೇಳಿದ್ಯಲ್ಲೇ? ಅವಳಿಗೆ ಕುಡಿಸಿಯೇ ಕೂರಿಸಿದೀನಿ."

"ಇಲಿಗಳಲ್ಲಿ, ಅದೂ ಸ್ವಲ್ಪ ಮಟ್ಟಿಗೆ. ಮನುಷ್ಯರ ವಿಷಯ ಇನ್ನೂ ಖಾತ್ರಿ ಇಲ್ಲ."

"ಇಲಿಗಾಗೋದು ನಮಗಾಗಲ್ವಾ? ನಿಮ್ಮಪ್ಪನ್ನ ಇಲಿಗಿಂತ ಕಡೆ ಮಾಡ್ಬಿಟ್ಯಾ?"

ಮಗಳು ನಗು ತಡೆದುಕೊಂಡಳು. "ಕೇಳಮ್ಮಾ. ಒಂದು ಗೂಡಿನ ಇಲಿಗಳಿಗೆ ಸೀಸ ಕೊಡ್ತೀವಿ. ಇನ್ನೊಂದಕ್ಕೆ ಸೀಸದ ಜೊತೆ ರಸಾನೂ. ರಸ ಕುಡಿದವು ಮೊದಲನೇವಕ್ಕಿಂತ ವಾಸಿ."

"ನೋಡಿದ್ಯಾ!"

"ಮೂರನೇ ಗೂಡಿಗೆ ಸೀಸಾನೇ ಕೊಡಲ್ಲ. ಎಲ್ಲಕ್ಕಿಂತ ಚೆನ್ನಾಗಿರೋದು ಅವೇ."

ಅಜ್ಜಿಯ ಬೆರಳು ಮತ್ತೆ ಗಂಡನ ಗುಂಡಿನ ತಗ್ಗಿಗೆ ಹೋಯಿತು.

"ರಸದಿಂದ ಅಪ್ಪನಿಗೆ ಕೆಟ್ಟದ್ದೇನೂ ಆಗಿಲ್ಲಮ್ಮಾ," ಎಂದಳು ಮಗಳು ಮೆಲ್ಲಗೆ.

"ಬೆಳಗ್ಗೆ ರಸ ಕುಡಿಸ್ತಿದ್ದೆ," ಎಂದಳು ಅಜ್ಜಿ. "ಆಮೇಲೆ ಗುಂಡಿನ ಡಬ್ಬಾನೂ ನಾನೇ ಮುಂದಿಡ್ತಿದ್ದೆ."

ಅಷ್ಟರಲ್ಲಿ ಮೊಮ್ಮಗಳು ಗುಂಡನ್ನು ಬಾಯಿಗಿಟ್ಟಾಗಿತ್ತು. ಅಜ್ಜಿ ಅಂಗೈ ಒಡ್ಡಿದಳು.

"ಉಗಿ. ಬಾಯಿ ತೊಳ್ಕೊಂಡು ಬಾ. ಬರುವಾಗ ಇಕ್ಕಳ ತಾ."

"ಹಾಗಾದ್ರೆ ನಾನು ಈ ಮನೆಯವಳಲ್ವಾ ಅಜ್ಜೀ?"

ಹುಡುಗಿ ಇಕ್ಕಳ ತಂದಾಗ ಅಜ್ಜಿ ಅವಳಿಗೆ ಹಳೆಯ ಕೈಗವಸುಗಳನ್ನು ತೊಡಿಸಿದಳು. ಆ ಕೈಯ ಮೇಲೆ ತನ್ನ ಕೈಯಿಟ್ಟು ಇಕ್ಕಳದಿಂದ ಗುಂಡನ್ನು ಒತ್ತಿಸಿದಳು. ಸೀಸದ ಮೇಲೆ ಎರಡು ನೇರ ಗೀಟು ಮೂಡಿದವು.

"ಇದು ನಿನ್ನದು," ಎಂದಳು ಅಜ್ಜಿ. "ಇಂಥ ಗುರುತು ನಮ್ಮಲ್ಲಿ ಯಾರಿಗೂ ಇರಲಿಲ್ಲ."