ಗೆಣಸು ಯಾರದು

"ಏ ಬೋಳಿಮಗನ, ನೇಗಿಲಾ ಒತ್ತಿ ಹಿಡಿ! ಖರೇನ ಒಕ್ಕಲತನ ಮಾಡಾವ್ನಂಗ ಕಾಣಬೇಕು."

ಗುರುಪುತ್ರಪ್ಪ ಸಾಹುಕಾರ ತನ್ನ ಆಳು ಸಿದರಾಯನ ಬೆನ್ನಿಗೆ ಗುದ್ದಿದ. ಬೆಳಗಾವಿಯ ಮಹಾಂತೇಶ ನಗರದಲ್ಲಿರುವ ಈ ಸಾಹುಕಾರ ಪಾರಿಶ್ವಾಡದ ತನ್ನ ಹೊಲದಲ್ಲಿ ಪ್ರವಾಸಿಗರಿಗೆ ಬಾಡಿಗೆ ಕೊಡಲು ಬಂಗಲೆಗಳನ್ನು ಕಟ್ಟಿಸಿದ್ದ. ಅವಕ್ಕೆ ತೆರಿಗೆ ಬಿದ್ದಿತ್ತು. ಬಂಗಲೆಗಳು ಆಳುಗಳ ಮನೆ, ಸುತ್ತಲಿನದು ಉಳುವ ಹೊಲ ಎಂದು ತೋರಿಸಿದರೆ ತೆರಿಗೆ ಮಾಫಿ. ಅದನ್ನು ನೋಡಲೆಂದೇ ತೆರಿಗೆ ಸಾಹೇಬರು ಬಂದಿದ್ದರು.

ಬಂಗಲೆಗಳ ಹಿಂದೆ ಗೆಣಸಿನ ಬಳ್ಳಿ ಹಬ್ಬಿತ್ತು. ಅದು ಸಿದರಾಯನ ಅಕ್ಕ ಕಾಡವ್ವನದು. ಗಂಡ ಸತ್ತ ಮೇಲೆ ಅವಳೇ ಕಲ್ಲು ಆರಿಸಿ ಆ ತುಂಡು ನೆಲವನ್ನು ಸಾಹುಕಾರನಿಂದ ಪಾಲಿಗೆ ಮಾಡುತ್ತಿದ್ದಳು.

"ಇದನ್ನ ಯಾರ ಮಾಡ್ಯಾರ?" ಸಾಹೇಬರು ಕೇಳಿದರು.

"ನಾ ರೀ," ಕಾಡವ್ವ ಮುಂದೆ ಬಂದಳು. "ಈ ಕೈಲೇ ಹಚ್ಚೀನಿ."

ಬೆಳೆ ತನ್ನದೇ ಎಂದು ತೋರಿಸಬೇಕಿದ್ದ ಸಾಹುಕಾರ ನಕ್ಕ. "ಕಳವಿಲೆ ಗೆಣಸು ಕೀಳಾಕ ಬರೂ ರಂಡಿ ರೀ ಇಕಿ. ಬೇಕಾದ್ರ ನಮ್ಮ ಆಳಿನ್ನ ಕೇಳ್ರಿ."

ಬಾಯಿ ತಪ್ಪಿದರೆ ಗುಡಿಸಲು ಕಿತ್ತೊಗೆಯುತ್ತೇನೆಂದು ಅವನು ಸಿದರಾಯನಿಗೆ ಮೊದಲೇ ಹೇಳಿಟ್ಟಿದ್ದ. ಗುಡಿಸಲೊಳಗೆ ಸಿದರಾಯನ ಬಾಣಂತಿ ಮಗಳು ಪ್ರಮಿಳಾ ಮಲಗಿದ್ದಳು.

"ಹೌದ್ರಿ," ಎಂದ ಸಿದರಾಯ. "ಬೆಳಿ ಧಣೇರದು. ಇಕಿ... ಕದಿಯಾಕ ಬರ್ತಾಳ್ರಿ."

ತಾಯಿ ಸತ್ತಾಗ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ, ಯಾರೋ ಪರವೂರಿನವನನ್ನು ನೋಡುವಂತೆ ಅವನನ್ನು ನೋಡಿದಳು. ಕಾವಲುಗಾರ ರಟ್ಟೆ ಹಿಡಿದು ಅವಳನ್ನು ಗೇಟಿನಾಚೆ ನೂಕಿದ. ಸೆರಗು ಬೇಲಿಗೆ ಸಿಕ್ಕಿ ಹರಿಯಿತು. ಸಿದರಾಯ ಎತ್ತಿನ ಬಾಲ ನೋಡುತ್ತ ನಿಂತ.

ಸಾಹೇಬರು ಚಹಾ ಕುಡಿದು ಜೀಪು ಹತ್ತಿದರು.

"ನಾಳೆ ಆ ಗೆಣಸೆಲ್ಲಾ ಕಿತ್ತ ಒಗಿ," ಸಾಹುಕಾರ ಮೆಲ್ಲಗೆ ಅಂದ. "ಬಂದವ್ರ ಗಾಡಿ ನಿಲ್ಲಸಾಕ ಜಾಗಾ ಬೇಕು."

ಸಿದರಾಯ ನೇಗಿಲು ಕಳಚಿದ. ಎತ್ತು ಹೊಡೆದುಕೊಂಡು ಹೋಗಿ ಗೇಟಿಗೆ ಅಡ್ಡ ನಿಲ್ಲಿಸಿದ.

"ಸಾಹೇಬ್ರ, ನಾ ಸುಳ್ಳ ಹೇಳೀನ್ರಿ! ಬೆಳಿ ನಮ್ಮಕ್ಕಂದು. ಆ ಮನ್ಯಾಗ ಒಬ್ಬ ಆಳೂ ಇಲ್ರಿ. ಕಳ್ಳ ಈ ಧಣಿ, ಕಳ್ಳ ನಾ. ಆಕಿ ಅಲ್ಲ!"

"ಬರಿಯೂದೆಲ್ಲಾ ಮುಗದೈತಿ, ಬಾಜುಕ ಸರಿ," ಸಾಹೇಬರು ಗಾಜು ಏರಿಸಿಕೊಂಡರು.

ಸಾಹುಕಾರನ ಒದೆ ಸೊಂಟಕ್ಕೆ ಬಿತ್ತು. ಸಿದರಾಯ ನೊಗ ತಬ್ಬಿಕೊಂಡ.

"ಅಕ್ಕಾ!" ಎಂದು ಕೂಗಿದ.

ಹರಿದ ಸೆರಗು ಹೊದ್ದು ಕಾಡವ್ವ ತಿರುಗಿ ನೋಡದೆ ನಡೆದಿದ್ದಳು. ಜೀಪು ಹಾರ್ನ್ ಹೊಡೆಯುತ್ತ ಎತ್ತಿನ ಪಕ್ಕೆಗೆ ತಾಗುವಷ್ಟು ಹತ್ತಿರ ಬಂತು. ಸಿದರಾಯ ಕದಲಲಿಲ್ಲ.