ರೇಡಿಯೊ ನಿಂತರೆ

ಹೆಂಡತಿ ಚಿಕ್ಕತಾಯಮ್ಮನ ತಿಥಿ ಮುಗಿದ ಮಾರನೆಯ ದಿನವೇ ದಾಸಪ್ಪ ಗರಗಸದ ಮಿಷನ್ನಿನ ಮುಂದೆ ನಿಂತ. ರಾಯಕೋಟೆಯವರು ಮಾಡಲು ಹೇಳಿದ್ದ ಬಾಗಿಲು ಅರ್ಧಕ್ಕೆ ನಿಂತಿತ್ತು. ಅವನಿಗೆ ಅಳು ಬಂದಿರಲಿಲ್ಲ, ಹಸಿವೂ ಇರಲಿಲ್ಲ. ಸುಮ್ಮನೆ ಕೂತರೆ ಜನ ಬಂದು ಸಮಾಧಾನ ಹೇಳುತ್ತಾರಲ್ಲ, ಆ ಕಾಟಕ್ಕಿಂತ ಮರ ಕುಯ್ಯುವುದೇ ವಾಸಿ ಅನ್ನಿಸಿತ್ತು, ಅಷ್ಟೆ.

ಸಕ್ಕರೆ ಕಾಯಿಲೆ ಅವನ ಎರಡೂ ಕಣ್ಣು ತಿಂದು ವರ್ಷಗಳಾಗಿದ್ದವು. ಕುರುಡನ ಕೈಗೆ ಗರಗಸವೇ ಎಂದು ಕೆಲಮಂಗಲದಲ್ಲಿ ಆಡಿಕೊಳ್ಳದವರಿಲ್ಲ. ಆಡಿಕೊಂಡವರೇ ಬಂದು ಕಿಟಕಿ ಮಾಡಿಸಿಕೊಂಡು ಹೋದರು, ಅದು ಬೇರೆ ಮಾತು. ಹಲಗೆಯನ್ನು ಅಳತೆಗೆಂದು ಮಿಷನ್ನಿಗೆ ಬಿಗಿದ ಮರದ ರೀಪಿಗೆ ಒರಗಿಸಿ, ಕೋಲಿನಿಂದ ತಳ್ಳುತ್ತಾ, ಸದ್ದು ಕೇಳಿಕೊಂಡೇ ಕುಯ್ಯುತ್ತಿದ್ದ. ಅವನಿಗೆ ಹೆದರಿಕೆ ಇದ್ದದ್ದು ಕರೆಂಟಿನದು ಮಾತ್ರ. ಹೇಳದೆ ಕೇಳದೆ ಹೋಗುವುದು, ಹಾಗೇ ಬರುವುದು. ಗರಗಸ ನಿಂತದ್ದು ಮರ ಕಚ್ಚಿಯೋ ಕರೆಂಟು ಹೋಗಿಯೋ ತಿಳಿಯಲೆಂದೇ ಪಕ್ಕದಲ್ಲೊಂದು ಕರೆಂಟಿನ ರೇಡಿಯೊ ಇಟ್ಟಿದ್ದ. ಅದು ಬಾಯಿ ಮುಚ್ಚಿತೆಂದರೆ ಕರೆಂಟು ಹೋಯಿತು, ಮೊದಲು ಮಿಷನ್ನಿನ ಸ್ವಿಚ್ಚು ಆರಿಸಬೇಕು. ಚಿಕ್ಕತಾಯಮ್ಮ ಬಂದು ಬಂದು ಅದನ್ನು ಜೋರು ಮಾಡುತ್ತಿದ್ದಳು, ಅಡುಗೆಮನೆಗೂ ಹಾಡು ಕೇಳಬೇಕಂತೆ. ಕಿವಿ ತೂತಾಗುತ್ತದೆ ಎಂದು ಇವನು ರೇಗಿದರೂ ಬಿಡುತ್ತಿರಲಿಲ್ಲ.

ಮನೆ ನೋಡಿಕೊಳ್ಳಲು ಬಂದಿದ್ದ ಅಕ್ಕ ಮಂಗಮ್ಮ, ತಿಂಗಳು ತುಂಬುವ ತನಕ ಸಾವಿನ ಮನೆಯಲ್ಲಿ ರೇಡಿಯೊ ಹಾಡಬಾರದೆಂದು ಪ್ಲಗ್ಗು ಕಿತ್ತಿದ್ದಳು. ಕಂಡವರು ಏನಂದಾರು ಎಂದಿದ್ದಳು. ದಾಸಪ್ಪ ಹೂಂ ಅಂದಿದ್ದ. ಈಗೀಗ ಎಲ್ಲದಕ್ಕೂ ಹೂಂ ಅನ್ನುತ್ತಿದ್ದ.

ಅರ್ಧ ಹಲಗೆ ಕುಯ್ದಿರಬೇಕು, ಗರಗಸ ನಿಂತಿತು. ಹಸಿ ಬೇವು, ಕಚ್ಚಿಕೊಂಡಿತು ಅಂದುಕೊಂಡು ಬ್ಲೇಡಿನ ಮೇಲೆ ಬೆರಳಾಡಿಸಿದ. ಅಷ್ಟರಲ್ಲಿ ಒಳಗೆ ಮಂಗಮ್ಮ, ಮಿಕ್ಸಿಯಲ್ಲಿ ಚಟ್ನಿ ಅರ್ಧಕ್ಕೆ ನಿಂತಿತೆಂದು ಕರೆಂಟಿನವರಿಗೆ ಶಾಪ ಹಾಕುವುದು ಕೇಳಿಸಿತು.

ಸ್ವಿಚ್ಚು ಆರಿಸಿಲ್ಲ, ಬೆರಳು ಗರಗಸದ ಹಲ್ಲಿನ ಮೇಲಿದೆ. ದಾಸಪ್ಪನಿಗೆ ಎಲ್ಲ ಗೊತ್ತಾಯಿತು. ಆದರೂ ಕೈ ತೆಗೆಯಲಿಲ್ಲ. ಭಯವೇ ಆಗಲಿಲ್ಲ. ಕರೆಂಟು ಬಂದರೆ ಬೆರಳು ಹೋಗುತ್ತದೆ, ಹೋದರೆ ಹೋಗಲಿ ಅನ್ನಿಸಿತು.

ಹೊರಬಂದ ಮಂಗಮ್ಮ ಕೂಗಲಿಲ್ಲ. ಸ್ವಿಚ್ಚು ಆರಿಸಿ, ಅವನ ಮುಂಗೈ ಹಿಡಿದು ಎತ್ತಿ, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಹೋಗಿ ರೇಡಿಯೊದ ಪ್ಲಗ್ಗು ಸಿಕ್ಕಿಸಿದಳು.

"ಜನ ಏನಂತಾರಕ್ಕ," ಅಂದ.

"ಅಂದ್ಕೊಳ್ಲಿ ಬುಡು. ಚಿಕ್ಕತಾಯಮ್ಮ ಏನು ಹಾಡು ಕೇಳ್ತಿದ್ಲಾ? ಯಾವಾಗ ನಿಂತೋಯ್ತದೋ ಅಂತ ಕಿವಿ ಕೊಟ್ಕೊಂಡಿರ್ತಿದ್ಲು ಕಣ್ಲಾ. ನಿಂತ್ರೆ ಒಲೆ ಮುಂದಿಂದ ಎದ್ದು ಬಂದು ನಿನ್ನ ಬೆನ್ನಿಂದೆ ನಿಂತ್ಕೊಳ್ಳೋಳು. ನೀನು ಸುಚ್ಚು ಆರ್ಸಿದ್ಮೇಲೇ ಒಳಕ್ಕೆ ಹೋಗೋಳು. ನಾನು ಬಂದಾಗೆಲ್ಲ ನೋಡಿವ್ನಿ."

ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಚಿಕ್ಕತಾಯಮ್ಮ ಬಿಟ್ಟುಹೋದಷ್ಟೇ ಜೋರಾಗಿ ಬೆಂಗಳೂರಿನ ಯಾರೋ ಟೊಮೊಟೊ ಧಾರಣೆ ಓದತೊಡಗಿದರು. ಮಂಗಮ್ಮ ತಗ್ಗಿಸಲು ಹೋದಳು.

"ಸಣ್ಣ ಮಾಡ್ಬೇಡಕ್ಕ," ಅಂದ. ಆಮೇಲೆ ಮಿಷನ್ನಿನ ಸ್ವಿಚ್ಚು ಆರಿದೆಯೇ ಎಂದು ತಾನೇ ಒಮ್ಮೆ ತಡವಿ ನೋಡಿದ.