ಖಮೀಸನ ಕೂಗು

ತುಮಕೂರಿನ ಆಸ್ಪತ್ರೆಯಲ್ಲಿ ಗಂಟಲಿನ ಗಡ್ಡೆಯನ್ನು ಕತ್ತರಿಸಿ ತೆಗೆದ ಮೇಲೆ ಕ್ಯಾತಣ್ಣನ ಬಾಯಲ್ಲಿ ಉಳಿದದ್ದು ಉಸಿರಷ್ಟೆ. ಮಾತಾಡಿದರೆ ಒಣಹುಲ್ಲು ಉಜ್ಜಿದ ಸದ್ದು. ಹೆಂಡತಿ ಜುಂಜಮ್ಮ ಅವನ ಬಾಯಿಗೆ ಕಿವಿ ಕೊಟ್ಟು ಕೇಳಿ ಎದುರಿದ್ದವರಿಗೆ ದಾಟಿಸುತ್ತಿದ್ದಳು. ಮನುಷ್ಯರ ಜೊತೆ ಹೀಗೆ ಹೇಗೋ ನಡೆಯಿತು. ಕುರಿಗಳ ಜೊತೆ ನಡೆಯಲಿಲ್ಲ. ಕೋಲು ತಾಗುವುದು ಹತ್ತಿರದ ಕುರಿಗೆ ಮಾತ್ರ. ಹೊಲದಾಚೆ ಚದುರಿದ ಹಿಂಡನ್ನು ತಿರುಗಿಸಲು ಕೂಗೇ ಬೇಕು. ಜುಂಜಮ್ಮನೂ ಕೂಗಿ ನೋಡಿದಳು. ಕುರಿಗಳು ಕಿವಿ ಒದರಿ ಮೇಯ್ದುಕೊಂಡೇ ಇದ್ದವು.

"ನಿಮ್ಮಪ್ಪನ ಕಾಲದಿಂದ ಗಂಡಸ್ರ ಗಂಟ್ಲೇ ಕೇಳಿರೋ ಮುಂಡೇವು, ನನ್ನ ಮಾತು ಎಲ್ಲಿ ಕೇಳ್ತವೆ?" ಎಂದು ಅವಳು ಕೈಚೆಲ್ಲಿದಳು.

ಮಾರಿಬಿಡಬೇಕು ಅನ್ನುವ ಹೊತ್ತಿಗೆ ದಸ್ತಗೀರ್ ಬಂದ. ಶಿರಾ ಸಂತೆಯಲ್ಲಿ ಕುರಿ ಕೊಂಡು ಮಾರುವವನು, ಕ್ಯಾತಣ್ಣನಿಗೆ ಇಪ್ಪತ್ತು ವರ್ಷದ ಗೆಳೆಯ. ಹಟ್ಟಿಯ ಬೇವಿನ ಮರದಡಿ ಕೂತು, ಬೇಜಾರು ಕಳೆಯಲೆಂದು ಫೋನಿನಲ್ಲಿ ಒಂದು ವಿಡಿಯೋ ಹಚ್ಚಿ ತೋರಿಸಿದ. ಮರಳುಗಾಡು. ಕೆಂಪು ನೀಲಿ ಅಚ್ಚಿನ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ ಒಬ್ಬ ಮುದುಕ. ಅವನ ಸುತ್ತ ಜೋಲುಕಿವಿಯ ಕುರಿಗಳು. ಮುದುಕ ಕೈಯನ್ನು ಬಾಯಿಯ ಪಕ್ಕಕ್ಕಿಟ್ಟು ಕೂಗಿದ: "ಹೂಊಊಯ್... ರ್ರ್ರ್... ಅಚೋ, ಅಚೋ!"

ರೊಪ್ಪದಲ್ಲಿ ಮಲಗಿದ್ದ ಕ್ಯಾತಣ್ಣನ ಕುರಿಗಳು ಒಟ್ಟಿಗೆ ಎದ್ದು ನಿಂತವು. ಮುಂದಾಳು ಕುರಿ ಬಿಳಿಕಿವಿ ಬೇಲಿಯ ಸಂದಿನಲ್ಲಿ ಮೂತಿ ತೂರಿಸಿ ಫೋನಿನ ಕಡೆಗೆ ನೋಡಿತು.

ಜುಂಜಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ! ಮಾವನೇ ಕೂಗ್ದಂಗಾಯ್ತಲ್ಲೋ!"

"ಇವ್ನು ಖಮೀಸ ಅಂತ. ಪಾಕಿಸ್ತಾನದೋನು, ಥರ್ ಮರಳುಗಾಡಲ್ಲಿ ಇರ್ತಾನೆ," ದಸ್ತಗೀರ್ ನಕ್ಕ. "ನೋಡಣ್ಣ, ಕುರಿಗೆ ಮ್ಯಾಪ್ ಓದೋಕೆ ಬರಲ್ಲ."

"ಏನಂತಾನೆ?" ಕ್ಯಾತಣ್ಣ ಉಸಿರಿನಲ್ಲಿ ಕೇಳಿದ.

"ಉರ್ದು ಅಲ್ಲ ಕಣಣ್ಣ ಇದು, ಸಿಂಧಿ. ಅರ್ಧ ನಂಗೂ ತಿಳ್ಯಲ್ಲ. ಅಚೋ ಅಂದ್ರೆ ಬನ್ನಿ ಅಂತ ಇರ್ಬೇಕು. ಕೊನೆಗೆ ಪಾಣಿ ಪಾಣಿ ಅಂತಾನಲ್ಲ, ಬನ್ನಿ ಮಕ್ಕಳಾ, ಮನೆತಾವ ನೀರೈತೆ ಅಂತ."

ಆ ವಿಡಿಯೋದ ಕೆಳಗೆ ಒಂದು ನಂಬರ್ ಇತ್ತು. ದಸ್ತಗೀರ್ ಅದನ್ನು ಕ್ಯಾತಣ್ಣನ ಫೋನಿಗೆ ಹಾಕಿ, ತನಗೆ ಬರುವ ಉರ್ದುವಿನಲ್ಲಿ ಒಂದು ಮಾತು ಕಳಿಸಿದ: ನಮ್ಮಲ್ಲೊಬ್ಬ ಕುರಿಗಾಹಿಯ ದನಿ ಹೋಗಿದೆ, ನಿನ್ನ ಕೂಗು ಅವನ ಕುರಿಗಳಿಗೆ ಹಿಡಿಸಿದೆ, ಒಂದು ಸಲ ಸ್ಪಷ್ಟವಾಗಿ ಕೂಗಿ ಕಳಿಸುತ್ತೀಯಾ? ಮರುದಿನ ಕೂಗು ಬಂತು. ಗಾಳಿಯಿಲ್ಲದ ಜಾಗದಲ್ಲಿ ನಿಂತು, ನಿಧಾನಕ್ಕೆ, ಎದೆ ತುಂಬಿ ಕೂಗಿದ್ದ ಮುದುಕ. ಕೊನೆಗೆ ಸಣ್ಣಗೆ ನಕ್ಕಿದ್ದ.

ಅಂದಿನಿಂದ ಕ್ಯಾತಣ್ಣ ಕೊರಳಿಗೆ ಒಂದು ಚಿಕ್ಕ ಸ್ಪೀಕರ್ ನೇತುಹಾಕಿಕೊಂಡ. ಬಟನ್ ಒತ್ತಿದರೆ ಹಿಂಡು ತಿರುಗುತ್ತಿತ್ತು. ಎರಡು ವರ್ಷ ಅವನ ಗಂಟಲು ಅದೇ ಆಗಿತ್ತು. ಸಂಜೆ ಹೊತ್ತು ಖಮೀಸನ ವಿಡಿಯೋಗಳನ್ನು ನೋಡುವನು. ಖಮೀಸ ಟೀಯನ್ನು ಸಾಸರಿಗೆ ಸುರಿದುಕೊಂಡು ಕುಡಿಯುತ್ತಿದ್ದ. ಅವನ ಹೆಂಡತಿ ಕತ್ತೆಗೆ ಹಗ್ಗ ಕಟ್ಟಿ ಪಾತಾಳದಂಥ ಬಾವಿಯಿಂದ ನೀರು ಎಳೆಸುತ್ತಿದ್ದಳು. ಒಮ್ಮೆ ಮರಿಯೊಂದು ಸತ್ತಾಗ ಮುದುಕ ಕ್ಯಾಮರಾದ ಮುಂದೆಯೇ ಹೆಗಲ ಬಟ್ಟೆಯಿಂದ ಕಣ್ಣೊರೆಸಿಕೊಂಡ. ಕ್ಯಾತಣ್ಣನೂ ಟವಲ್ ಹುಡುಕಿದ.

ಎರಡನೇ ವರ್ಷದ ಬೇಸಿಗೆಯಲ್ಲಿ ಪಾಕಿಸ್ತಾನದ ಗಡಿಯಲ್ಲಿ ಬಾಂಬು ಬಿದ್ದವು. ಹಟ್ಟಿಯ ಟೀವಿಗಳು ಹಗಲೆಲ್ಲ ಸೈರನ್ ಕೂಗಿದವು. ಗುಂಡು ಹಾರುವುದು ನಿಂತ ಮೇಲೂ ಟೀವಿಗಳು ನಿಲ್ಲಲಿಲ್ಲ. ಶಿರಾದ ಸಂತೆಯಲ್ಲಿ ಕೆಲವು ಹುಡುಗರು ಸಾಬರ ಕುರಿಗಾಡಿಗಳನ್ನು ಅಡ್ಡಹಾಕಿ ಫೋನು ಕಿತ್ತು ನೋಡಿದರು ಎಂಬ ಸುದ್ದಿ ಬಂತು. ಅದೇ ವಾರ ಕ್ಯಾತಣ್ಣನ ಸ್ಪೀಕರ್ ಕೆಟ್ಟಿತು.

ರಿಪೇರಿಗೆ ಒಯ್ದದ್ದು ಊರ ಸರ್ಕಲ್ಲಿನ ಮೊಬೈಲ್ ಅಂಗಡಿಗೆ. ಅಂಗಡಿಯ ನವೀನ್ ಕುಮಾರ್, ಹೈವೇ ಪಕ್ಕದ ದೊಡ್ಡ ಹೊಲದ ಸಿದ್ದಗಂಗಯ್ಯನ ಮಗ. ಚಿಕ್ಕವನಿದ್ದಾಗ ಕ್ಯಾತಣ್ಣನ ಕುರಿಮರಿಗಳನ್ನು ಎತ್ತಿಕೊಂಡು ಓಡಾಡಿದವನು.

"ಏನ್ ಕ್ಯಾತಣ್ಣ, ಫೋನ್ ಕೊಡಿಲ್ಲಿ, ಕನೆಕ್ಟ್ ಮಾಡಿ ನೋಡ್ತೀನಿ," ಎಂದ. ಸ್ವಲ್ಪ ಹೊತ್ತು ಬೆರಳಾಡಿಸಿದ. ಬೆರಳು ನಿಂತಿತು. ಫೋನನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದ. ತಲೆ ಎತ್ತಿದಾಗ ಅವನ ಬಾಯಲ್ಲಿ ಅಣ್ಣ ಅನ್ನುವುದು ಹೋಗಿ ಬೇರೆಯೇ ದನಿ ಬಂದಿತ್ತು.

"ಪ್ಲಸ್ ತೊಂಬತ್ತೆರಡು, ಪಾಕಿಸ್ತಾನದ್ದು. ಇದ್ಯಾರ ನಂಬರಯ್ಯ?"

ಕ್ಯಾತಣ್ಣ ತುಟಿ ಆಡಿಸಿದ. ಉಸಿರು ಬಂತು. ನವೀನ್ ಕಿವಿ ಕೊಡಲಿಲ್ಲ, ಫೋನು ಸ್ಪೀಕರ್ ಎರಡನ್ನೂ ಅಲ್ಲೇ ಇಟ್ಟುಕೊಂಡ.

ಸಂಜೆ ನಾಲ್ಕೈದು ಬೈಕುಗಳು ರೊಪ್ಪಕ್ಕೆ ಬಂದವು. ನವೀನ್ ಕ್ಯಾತಣ್ಣನ ಫೋನನ್ನು ಮೇಲಕ್ಕೆತ್ತಿ ಖಮೀಸನ ಕೂಗು ಹಾಕಿದ. ಬಿಳಿಕಿವಿ ಎದ್ದಿತು, ಹಿಂದೆಯೇ ಉಳಿದವೂ ಎದ್ದವು. ಹಿಂಡು ಬೇಲಿಗೆ ಬಂದು ಒತ್ತಿಕೊಂಡು, ಹುಡುಗರ ಕೈಗಳನ್ನು ಮೂಸಿತು. ಯಾರೋ ಶಿಳ್ಳೆ ಹಾಕಿದರು.

"ನೋಡ್ರಲಾ, ಕುರಿನೂ ಪಾಕಿಸ್ತಾನದವೇ ಕಣ್ಲಾ!"

"ನಿಂಗೇನ್ ಬಂದದೋ ರೋಗ?" ಜುಂಜಮ್ಮ ಪೊರಕೆ ಹಿಡಿದೇ ಹೊರಗೆ ಬಂದಳು. "ನಿನ್ನ ಕುಂಡಿ ತೊಳೆದಿರೋ ಕೈ ಇದು ನವೀನ. ಕುರಿ ಕೂಗೋಕೆ ದೇಶ ಯಾವುದ್ಲಾ?"

"ನಂಬರ್ ಯಾರು ಹಾಕ್ಕೊಟ್ರು ಅದನ್ನ ಹೇಳಮ್ಮ. ನಿನ್ ಗಂಡಂಗೆ ಉರ್ದು ಬತ್ತದಾ? ಯಾವನೋ ಸಾಬಿನೇ ಮಾಡ್ಕೊಟ್ಟಿರೋದು. ಹೆಸ್ರು ಕ್ಯಾಮರಾಕ್ಕೆ ಹೇಳಿದ್ರೆ ಮುಗೀತು."

ಕ್ಯಾತಣ್ಣ ಇಲ್ಲವೆಂದು ತಲೆಯಲ್ಲಾಡಿಸಿದ. ಅಷ್ಟೇ.

ಮರುದಿನದಿಂದ ಕೆಲಸ ನಿಂತಿತು. ಬಿತ್ತನೆಗೆ ಮುಂಚೆ ಕುರಿ ಮಂದೆ ಹಾಕಿಸಿಕೊಂಡು ಹೊಲಕ್ಕೆ ಗೊಬ್ಬರ ಮಾಡಿಕೊಳ್ಳುವ ರೈತರು ಒಬ್ಬೊಬ್ಬರೇ ಬೇರೆ ಕಾರಣ ಹೇಳಿದರು. ಹಟ್ಟಿಯ ಸ್ವಂತ ಜನವೇ ರೊಪ್ಪದ ಮುಂದೆ ಹಾದು ಹೋಗುವಾಗ ಮಾತು ತಗ್ಗಿಸಿದರು. ಕೊಳವೆಬಾವಿಯ ತೊಟ್ಟಿಗೆ ಯಾರೋ ಮುಳ್ಳು ಮುಚ್ಚಿದ್ದರು. ಸ್ಪೀಕರ್ ಇಲ್ಲದ ಕ್ಯಾತಣ್ಣ ಹಿಂಡನ್ನು ಹತ್ತಿರದ ಕರಾಬು ಬೀಳಿನಲ್ಲೇ ಕೋಲಿನಿಂದ ತಡೆದು ತಡೆದು ಮೇಯಿಸಿದ.

ಆಮೇಲೆ ಸಿದ್ದಗಂಗಯ್ಯ ತಾವೇ ಬಂದರು. ಬಿಳಿ ಪಂಚೆ, ಮೆತ್ತನೆ ಮಾತು. ಜುಂಜಮ್ಮ ಕೊಟ್ಟ ಮಜ್ಜಿಗೆಯನ್ನು ಪೂರ್ತಿ ಕುಡಿದರು.

"ಹುಡುಗ್ರು ಬಿಸಿ ರಕ್ತ ಕಣೋ ಕ್ಯಾತ. ನಾನು ತಡ್ಕೊಂಡಿದ್ದೀನಿ. ಸ್ಟೇಷನ್‌ಗೆ ಹೋದ್ರೆ ನೀನು ಒಳಗೆ ಹೋಗ್ತೀಯ. ನೀನು ನಮ್ಮೋನು. ಯಾವನೋ ಸಾಬಿ ನಿಂಗೆ ಮೋಸ ಮಾಡ್ದ ಅಂತ ಒಂದು ಹೆಸ್ರು ಹೇಳ್ಬುಡು. ನಾಳೆ ಮಂದೆ ನನ್ನ ಹೈವೇ ಹೊಲದಲ್ಲೇ ಹಾಕು, ಹಂಗೇ ಬಂದು ಹುಡುಗ್ರು ವಿಡಿಯೋ ಮಾಡ್ಕೊಂಡು ಹೋಗ್ತವೆ."

ಕ್ಯಾತಣ್ಣ ಏನೋ ಉಸುರಿದ.

"ಏನಂತಾನಮ್ಮ?"

ಜುಂಜಮ್ಮ ಗಂಡನನ್ನು ನೋಡಿದಳು. "ಮೋಸ ಯಾರೂ ಮಾಡಿಲ್ವಂತೆ ಗೌಡ್ರೇ. ಗಂಟ್ಲು ಕೊಟ್ರಂತೆ."

ಸಿದ್ದಗಂಗಯ್ಯ ಲೋಟವನ್ನು ಮೆಲ್ಲನೆ ಕೆಳಗಿಟ್ಟರು. "ಮಂದೆ ಮಾತ್ರ ತಪ್ಪಿಸ್ಬೇಡ. ಹೊಲ ಕಾಯ್ತಾ ಐತೆ."

ಅವರು ಹೋದ ಮೇಲೆ ಜುಂಜಮ್ಮ ಸಿಡಿದಳು. "ಆ ದಸ್ತಗೀರಂದು ಒಂದು ಹೆಸ್ರು ಹೇಳಿದ್ರೆ ನಿನ್ನ ಗಂಟು ಏನ್ ಹೋಗ್ತಿತ್ತು? ಅವ್ನಿಗೆ ಅವನ ಜನ ಅವ್ರೆ. ನಮಗೆ ಈ ಕುರಿ ಬುಟ್ರೆ ಏನೈತಯ್ಯ? ನನ್ನ ಕುರಿ ಬಲಿ ಕೊಟ್ಟು ನೀನು ಸತ್ಯವಂತ ಆಗ್ಬೇಡ."

ಕ್ಯಾತಣ್ಣ ಟವಲನ್ನು ಹೆಗಲಿಗೆ ಹಾಕಿಕೊಂಡ. ಎದ್ದು ಶಿರಾ ಬಸ್ಸು ಹತ್ತಿದ. ಅವಳೂ ಬೈದುಕೊಳ್ಳುತ್ತಲೇ ಹಿಂದೆ ಹೋದಳು, ಅವನ ಮಾತನ್ನು ದಾಟಿಸಲು ಬೇರೆ ಯಾರಿದ್ದಾರೆ?

ಸಂತೆಮಾಳದ ಮೂಲೆಯ ಟೀ ಅಂಗಡಿಯಲ್ಲಿ ದಸ್ತಗೀರ್ ಒಬ್ಬನೇ ಕೂತಿದ್ದ. ಅವನ ಹಿಂದಿನ ಕುರಿದೊಡ್ಡಿ ಖಾಲಿ. ಹಟ್ಟಿಯ ಕಡೆಗೆ ಬರಬೇಡ ಎನ್ನಲು ಬಂದೆವು ಎಂದು ಜುಂಜಮ್ಮ ಹೇಳುವ ಮೊದಲೇ ಅವನಿಗೆ ತಿಳಿದಿತ್ತು.

"ನನ್ನ ಹೆಸ್ರು ಹೇಳ್ಬುಡಕ್ಕ. ಇವತ್ತಲ್ಲ ನಾಳೆ ಯಾರೋ ಹೇಳ್ತಾರೆ. ಮೊನ್ನೆ ಸರ್ಕಲ್ಲಲ್ಲಿ ಒಬ್ಬ ಪಾಕಿಸ್ತಾನಕ್ಕೆ ಹೋಗು ಅಂದ. ಬಸ್ ಎಷ್ಟೊತ್ತಿಗೆ ಐತೆ ಅಂತ ಕೇಳ್ದೆ, ಹೊಡೆದ." ನಗುತ್ತಲೇ ಹೇಳಿದ. ಕೆಳತುಟಿಗೆ ಹೊಲಿಗೆ ಬಿದ್ದಿತ್ತು. ನಕ್ಕಾಗ ಹೊಲಿಗೆ ಎಳೆದು ಸಣ್ಣಗೆ ರಕ್ತ ಮೂಡಿತು. ಅದನ್ನು ಬೆರಳಿನಿಂದ ಒರೆಸಿಕೊಂಡು, ಇವರಿಬ್ಬರಿಗೆ ಟೀ ಹೇಳಿದ.

ಜುಂಜಮ್ಮ ಟೀ ಮುಟ್ಟದೆ ಆ ತುಟಿಯನ್ನೇ ನೋಡಿದಳು.

ಮಂದೆಗೆ ಬೇರೆ ಹೊಲವಿರಲಿಲ್ಲ, ನೀರೂ ಇರಲಿಲ್ಲ. ಸಿದ್ದಗಂಗಯ್ಯನ ಹೊಲದಲ್ಲಿ ತೊಟ್ಟಿ ತುಂಬಿತ್ತು. ಮರುದಿನ ಬಿಸಿಲೇರುವ ಹೊತ್ತಿಗೆ ಗಂಡ ಹೆಂಡತಿ ಹಿಂಡನ್ನು ಅಲ್ಲಿಗೆ ಹೊಡೆದುಕೊಂಡು ಬಂದರು. ಹೊಲದ ಅಂಚಿಗೆ ಹೈವೇ. ಅಲ್ಲಿದ್ದ ತಂತಿಬೇಲಿಯನ್ನು ಒಂದು ಕಡೆ ಬಿಚ್ಚಿ ಸುತ್ತಿಟ್ಟಿದ್ದರು. ಹೊಸದಾಗಿ ಬಿಚ್ಚಿದ್ದು, ಕಂಬದ ಬುಡದ ಮಣ್ಣು ಇನ್ನೂ ಹಸಿಯಾಗಿತ್ತು.

ಕ್ಯಾತಣ್ಣ ಅದನ್ನು ನೋಡಿದ. ಜುಂಜಮ್ಮನೂ ನೋಡಿದಳು. ಕುರಿಗಳು ನೀರಿಗೆ ಬಾಯಿ ಹಾಕಿದ್ದವು. ಲಾರಿಗಳು ಬೆಂಗಳೂರಿನ ಕಡೆಯಿಂದ ಒಂದರ ಹಿಂದೊಂದು ಹಾದುಹೋಗುತ್ತಿದ್ದವು.

ಆಗ ಕೂಗು ಕೇಳಿಸಿತು.

ರಸ್ತೆಯ ನಡುವಿನ ಡಿವೈಡರ್ ಮೇಲೆ, ಕಣಗಿಲೆ ಗಿಡಗಳ ಮಧ್ಯೆ ನವೀನ್ ಮತ್ತು ಅವನ ಹುಡುಗರು ನಿಂತಿದ್ದರು. ಗಣೇಶನ ಪೆಂಡಾಲಿನ ದೊಡ್ಡ ಸ್ಪೀಕರನ್ನು ಅಲ್ಲಿಗೆ ಹೊತ್ತು ತಂದಿದ್ದರು. ಥರ್ ಮರಳುಗಾಡಿನ ಮುದುಕನ ದನಿ ಲಾರಿಗಳ ಸದ್ದನ್ನು ಮೀರಿ ಎದ್ದಿತು.

"ಹೂಊಊಯ್... ರ್ರ್ರ್... ಅಚೋ, ಅಚೋ!"

ಬಿಳಿಕಿವಿ ತೊಟ್ಟಿಯಿಂದ ತಲೆ ಎತ್ತಿತು. ಮೂತಿಯಿಂದ ನೀರು ತೊಟ್ಟಿಕ್ಕುತ್ತಿದ್ದಂತೆಯೇ ಹೊರಟಿತು. ಹಿಂಡು ಹಿಂದೆಯೇ.

ಕ್ಯಾತಣ್ಣ ಓಡಿದ, ಕೋಲು ಬೀಸಿದ. ಬಾಯಿ ತೆರೆದ. ಅವನ ಕತ್ತಿನ ನರಗಳು ಹಗ್ಗದಂತೆ ಎದ್ದವು. ಉಸಿರು ಬಂತು, ಉಸಿರಷ್ಟೇ ಬಂತು. ಕುರಿಗಳು ಅವನ ಕಾಲುಗಳ ಎರಡೂ ಬದಿಯಿಂದ ನೀರಿನಂತೆ ಹರಿದು ಮುಂದೆ ಹೋದವು.

"ಹೆಸ್ರು ಹೇಳು, ಆಫ್ ಮಾಡ್ತೀನಿ!" ನವೀನ್ ಕಿರುಚಿದ. ಅವನ ಇನ್ನೊಂದು ಕೈಯಲ್ಲಿ ಫೋನು, ಅದರ ಕಣ್ಣು ಇವರ ಕಡೆಗೆ. "ಒಂದೇ ಹೆಸ್ರು!"

ಕ್ಯಾತಣ್ಣ ನಿಂತ. ಹೇಳಬೇಕೆಂದರೂ ಅವನ ಉಸಿರು ಆ ರಸ್ತೆ ದಾಟುತ್ತಿರಲಿಲ್ಲ. ದಾಟಬಲ್ಲ ಗಂಟಲು ಒಂದೇ ಇತ್ತು. ಅವನು ತಿರುಗಿ ಹೆಂಡತಿಯನ್ನು ನೋಡಿದ. ಬೇಡ ಎನ್ನಲೂ ಇಲ್ಲ, ಹೇಳು ಎನ್ನಲೂ ಇಲ್ಲ. ಬಿಳಿಕಿವಿ ಬಿಚ್ಚಿದ ಬೇಲಿಯನ್ನು ದಾಟಿತು.

ಜುಂಜಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರಸ್ತೆಯ ಅಂಚಿಗೆ ಓಡಿದಳು.

"ಹಿಡ್ಕೊಳ್ಳೋ ಹೆಸ್ರ!" ಅವಳ ದನಿ ಸ್ಪೀಕರನ್ನೂ ಮುಚ್ಚಿತು. "ಜುಂಜಮ್ಮ! ನಂಬರ್ ಹಾಕ್ದೋಳು ನಾನು! ಮಾತಾಡ್ದೋಳು ನಾನು! ಗೊಲ್ರಹಟ್ಟಿ ಜುಂಜಮ್ಮ ಅಂತ ಎಲ್ಲಾರ್ಗೂ ಕಳ್ಸೋ!"

ಹುಡುಗರಲ್ಲಿ ಒಬ್ಬ ನಕ್ಕ. ಇನ್ನೊಬ್ಬ ನವೀನನ ತೋಳು ಹಿಡಿದು, "ಸಾಕು ಬುಡ್ಲಾ," ಎಂದ. ನವೀನ್ ಅವನ ಕೈ ಕೊಡವಿದ. "ಅದು ಬೇಕಾಗಿಲ್ಲ," ಎಂದು ಕೂಗಿದ. "ಸಾಬಿ ಹೆಸ್ರು!" ಬಗ್ಗಿ, ಸ್ಪೀಕರಿನ ಗುಂಡಿಯನ್ನು ಬಲಕ್ಕೆ ತಿರುಗಿಸಿದ.

ಕೂಗು ದೊಡ್ಡದಾಯಿತು. ಬಿಳಿಕಿವಿ ಡಾಂಬರಿಗೆ ಕಾಲಿಟ್ಟಿತು. ಜುಂಜಮ್ಮ ಅದನ್ನು ಹಿಡಿಯಲು ರಸ್ತೆಗಿಳಿದಳು, ಕೈಗೆ ಸಿಕ್ಕಿದ್ದು ಉಣ್ಣೆಯ ಒಂದು ಹಿಡಿ. ಲಾರಿಯ ಬ್ರೇಕು ಕಿರುಗುಟ್ಟಿತು. ಸುಟ್ಟ ರಬ್ಬರಿನ ವಾಸನೆ ಬಂತು. ಲಾರಿ ನಿಂತಾಗ ಬಿಳಿಕಿವಿ ಅದರ ಕೆಳಗಿತ್ತು. ಜುಂಜಮ್ಮ ಅದರ ಮುಂದಿದ್ದಳು, ಬಂಪರಿಗೂ ಅವಳಿಗೂ ಕೈ ತೂರಿಸುವಷ್ಟು ಜಾಗ.

ಅವಳು ಅಲ್ಲಿಂದ ಸರಿಯಲಿಲ್ಲ. ಎರಡೂ ಕೈ ಚಾಚಿ, ಹಿಂಡಿಗೆ ಅಡ್ಡಲಾಗಿ ನಿಂತಳು. ಕುರಿಗಳು ಅವಳ ಮೊಣಕಾಲಿಗೆ ಬಂದು ಒತ್ತಿಕೊಂಡವು, ತಲೆ ಮಾತ್ರ ಕಣಗಿಲೆ ಗಿಡಗಳ ಕಡೆಗೆ. ಕ್ಯಾತಣ್ಣ ಬಂದು ಅವಳ ಪಕ್ಕ ಕೋಲು ಅಡ್ಡಹಿಡಿದು ನಿಂತ. ಲಾರಿಯವನು ಇಳಿದು ತೆಲುಗಿನಲ್ಲಿ ಬೈಯತೊಡಗಿದ. ಪಕ್ಕದ ಲೇನಿನಲ್ಲಿ ವಾಹನಗಳು ವೇಗ ತಗ್ಗಿಸದೆ ಹೋಗುತ್ತಲೇ ಇದ್ದವು.

ಕೂಗು ಮುಗಿಯಿತು. ಕೊನೆಯಲ್ಲಿ ಖಮೀಸ ಸಣ್ಣಗೆ ನಕ್ಕ. ಬನ್ನಿ ಮಕ್ಕಳಾ, ಮನೆ ಹತ್ತಿರ ನೀರಿದೆ. ಅಲ್ಲಿದ್ದವರಲ್ಲಿ ಅದರ ಅರ್ಥ ಗೊತ್ತಿದ್ದದ್ದು ಇಬ್ಬರಿಗೆ.

"ಈಗ ಹೇಳ್ತೀಯಾ?" ನವೀನ್ ಡಿವೈಡರ್ ಮೇಲಿಂದ ಕೇಳಿದ. ಫೋನಿನ ಕಣ್ಣು ಇನ್ನೂ ಇವರ ಮೇಲೇ ಇತ್ತು.

ಜುಂಜಮ್ಮ ಉಣ್ಣೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಅವನನ್ನೇ ನೋಡಿದಳು.

ನವೀನ್ ಬಗ್ಗಿದ. ಕೂಗು ಮತ್ತೆ ಮೊದಲಿನಿಂದ ಶುರುವಾಯಿತು.